ನೂರ ಎಂಬತ್ತಮೂರನೆಯ ಪುಟದ ಗೆರೆ

ಮುಂದಿನವನ ಬೆನ್ನಚೀಲಕ್ಕೆ ಕಟ್ಟಿದ ಹಳದಿ ರಬ್ಬರ್ ಬಾತುಕೋಳಿ ಅತ್ತ ತೂಗಿತು, ಇತ್ತ ತೂಗಿತು, ಅದಕ್ಕೇನು, ಅದರ ಕೆಲಸ ತೂಗುವುದು, ಅರ್ಲೀನಳ ಕೆಲಸ ನಿಲ್ಲುವುದು, ಕಾಲೇಜಿನ ಪುಸ್ತಕದಂಗಡಿಯ ಈ ಸಾಲಿನಲ್ಲಿ, ಐನೂರು ಪುಟದ ಪ್ರೋಗ್ರಾಮಿಂಗ್ ಪುಸ್ತಕವನ್ನು ಎದೆಗವಚಿಕೊಂಡು, ಬೆನ್ನಿಗೆ ಬಾಡಿಗೆ ಪುಸ್ತಕ ಎಂಬ ಚೀಟಿ ಅಂಟಿಸಿಕೊಂಡ ಪುಸ್ತಕ, ಹಿಂತಿರುಗಿಸಬೇಕಾದದ್ದು ಡಿಸೆಂಬರಿನಲ್ಲಿ, ಇದಿನ್ನೂ ಅಕ್ಟೋಬರ್ — ಗಡಿಯಾರ ನೋಡಿದಳು, ಮೂರೂವರೆ, ಆಗಲೇ ನೋಡಿದಾಗಲೂ ಮೂರೂವರೆಯೇ ಇತ್ತಲ್ಲ, ಕೆಟ್ಟಿದೆಯೋ ಏನೋ. ಐದರೊಳಗೆ ಎರಡೇ ಕೆಲಸ, ಇದನ್ನು ಕೊಟ್ಟುಬಿಡುವುದು, ಮೇಲಿನ ಮಹಡಿಗೆ ಹತ್ತಿ ಕೋರ್ಸು ಬಿಡುವ ಅರ್ಜಿ ಕೊಡುವುದು, ಇವತ್ತು ಕೊನೆಯ ದಿನ, ಇವತ್ತು ಬಿಟ್ಟವರ ಹೆಸರಿನ ಮುಂದೆ ಬಿಟ್ಟರು ಎಂದಷ್ಟೇ ಬರೆಯುತ್ತಾರೆ, ನಾಳೆಯಿಂದ ಬಿಟ್ಟರೆ ಫೇಲು. ಐವತ್ಮೂರು ವರ್ಷದ ಹೆಂಗಸಿಗೆ ಬಿಟ್ಟರು ಎಂದರೇನು, ಫೇಲು ಎಂದರೇನು, ಆದರೂ ಕೈ ಸುಮ್ಮನಿರದೆ, ತಾನೇ ಪುಟಕ್ಕೆ ಅಂಟಿಸಿದ್ದ ಇನ್ನೊಂದು ಚೀಟಿ ಕಿತ್ತಿತು.

ಚೀಟಿಗಳನ್ನು ಮನೆಯಲ್ಲೇ ಕಿತ್ತು ಬರಬೇಕಿತ್ತು, ಬರಲಿಲ್ಲ, ಈಗ ಒಂದೊಂದೇ ಕಿತ್ತು ಕೋಟಿನ ಜೇಬಿಗೆ ತುಂಬುತ್ತಿದ್ದಾಳೆ, ಎಂಟು ವಾರದ ಅವಳದೇ ಅಕ್ಷರ, ಅಂಟಿನ ಚೀಟಿಗಳ ಮೇಲೆ ಮಾತ್ರ, ಪುಸ್ತಕದ ಮೇಲೆ ಒಂದು ಚುಕ್ಕಿಯನ್ನೂ ಇಟ್ಟವಳಲ್ಲ, ಯಾಕೆಂದರೆ ಬಾಡಿಗೆಯದು, ಅಮ್ಮ ಹೇಳುತ್ತಿದ್ದದ್ದು ಕಿವಿಯಲ್ಲೇ ಇದೆ, ಬಾಡಿಗೆ ಮನೆ ಗೋಡೆಗೆ ಮೊಳೆ ಹೊಡೀಬೇಡ ಕಣೇ, ನಾಳೆ ಹೋಗೋರು ನಾವು, ಏಳು ಮನೆ ಬದಲಿಸಿದರೂ ಒಂದು ಫೋಟೋ ತೂಗುಹಾಕಲಿಲ್ಲ ಮಹಾತಾಯಿ, ಎಲ್ಲ ಫೋಟೋಗಳೂ ಕಪಾಟಿನ ಮೇಲೆ ಗೋಡೆಗೊರಗಿ ನಿಂತಿರುತ್ತಿದ್ದವು, ಯಾರೋ ಈಗ ತಾನೇ ಬಂದು ಈಗಲೇ ಹೊರಡುವವರ ಹಾಗೆ. ಬ್ಯಾಗಿನಲ್ಲಿ ಫೋನು ಗುಂಯ್ ಎಂದಿತು, ನೋಡುವುದೇ ಬೇಡ, ಅಕ್ಕ ಮಾರ್ಜ್, ಬೆಳಗ್ಗೆಯಿಂದ ನಾಲ್ಕನೆಯ ಸಲ, ಏನಾಯ್ತೇ, ಬಿಟ್ಟೆಯಾ, ಸ್ಕೂಲಿನ ಅಡುಗೆಮನೆಯೋರು ಸೋಮವಾರವೇ ಬಾ ಅಂತಿದ್ದಾರೆ, ನಿನಗೋಸ್ಕರ ಎಷ್ಟು ಬಾಯಿ ಬಡ್ಕೊಂಡೆ ನಾನು, ಅಲ್ಲ ಕಣೇ ಅರ್ಲೀನ್, ಜಾಡಿ ನೋಡ್ಕೊಂಡಿದ್ದೋಳಿಗೆ ಕಂಪ್ಯೂಟರ್ ಯಾಕೆ ಬೇಕಿತ್ತು ಹೇಳು, ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸು, ಮೂರಕ್ಕೆ ಮನೆಗೆ ಬಾ, ಸುಖವಾಗಿರು. ಅಕ್ಕ ಹೇಳುವುದು ಸುಳ್ಳಲ್ಲ, ಅದಕ್ಕೇ ಕೋಪ ಬರುವುದು.

ಜಾಡಿ ನೋಡಿಕೊಂಡಿದ್ದವಳು, ಹೌದು, ಇಪ್ಪತ್ತಾರು ವರ್ಷ, ಗಾಜಿನ ಕಾರ್ಖಾನೆಯಲ್ಲಿ ಬೆಳಕಿನ ಮುಂದೆ ಹಾಯುವ ಸಾವಿರಾರು ಜಾಡಿಗಳಲ್ಲಿ ಬಿರುಕು ಹುಡುಕುವ ಕೆಲಸ, ಕೂದಲೆಳೆಯ ಬಿರುಕು ಕಂಡರೆ ಸಾಕು ಕೈ ತಾನಾಗಿ ಹೋಗುತ್ತಿತ್ತು, ಆಮೇಲೆ ಆ ಕೆಲಸಕ್ಕೆ ಒಂದು ಯಂತ್ರದ ಕಣ್ಣು ಬಂತು, ಆಮೇಲೆ ಕಾರ್ಖಾನೆಯೇ ಹೋಯಿತು, ಬಾಗಿಲಲ್ಲಿ ಒಬ್ಬ ಟೈ ಕಟ್ಟಿದವನು ನಿಂತು ಹೊಸ ವಿದ್ಯೆ ಕಲಿಯಿರಿ ಎಂದು ಹಾಳೆ ಹಂಚಿದ. ಆ ಯಂತ್ರದ ಕಣ್ಣಿಗೆ ನೋಡಲು ಕಲಿಸಿದವರು ಯಾರು, ಹೇಗೆ ಕಲಿಸಿದರು, ನನಗೆ ಗೊತ್ತಾಗಬೇಕು — ಅದೇ ಒಂದು ಹಟ, ಅಕ್ಕನಿಗೂ ಹೇಳಿರಲಿಲ್ಲ, ಹೇಳಿದ್ದರೆ ನಕ್ಕು ಸಾಯುತ್ತಿದ್ದಳು. ಆಗಸ್ಟಿನಲ್ಲಿ ಇದೇ ಕೌಂಟರಿನಲ್ಲಿ ಈ ಪುಸ್ತಕವನ್ನು ಬಾಡಿಗೆಗೆ ತೆಗೆದುಕೊಂಡಾಗ ಕೌಂಟರಿನ ಓಪಲ್ ಹೇಳಿದ್ದಳು, ಹಳೇ ಪ್ರತಿ ಕಣಮ್ಮ, ಯಾರೋ ಪೆನ್ಸಿಲಲ್ಲಿ ಗೀಚಿದ್ದಾರೆ, ಪರವಾಗಿಲ್ವಾ? ಪರವಾಗಿಲ್ಲವೇ! ಆ ಗೀಚಿದವರಿಲ್ಲದಿದ್ದರೆ ಅರ್ಲೀನ್ ಎರಡನೆಯ ವಾರಕ್ಕೇ ಮನೆ ಸೇರುತ್ತಿದ್ದಳು.

ಯಾರೋ ಏನೋ, ಗಂಡೋ ಹೆಣ್ಣೋ, ಗುಂಡಗಿನ ಪುಟ್ಟ ಅಕ್ಷರ, ಪುಟದಂಚಿನಲ್ಲಿ ಪಿಸುಗುಟ್ಟುವ ಹಾಗೆ, ಇಪ್ಪತ್ತನೆಯ ಪುಟದಲ್ಲಿ ಸೊನ್ನೆಯಿಂದ ಎಣಿಸು ಮಾರಾಯ ಸೊನ್ನೆಯಿಂದ, ತೊಂಬತ್ತರಲ್ಲಿ ಮೂರು ಸಲ ಓದಿದೆ, ಪೆದ್ದು ನಾನಲ್ಲ ಈ ಪುಸ್ತಕ, ಅದನ್ನು ಓದಿ ಅಡುಗೆಮನೆಯ ಮೇಜಿನ ಮುಂದೆ ಒಬ್ಬಳೇ ಬಿದ್ದು ಬಿದ್ದು ನಕ್ಕಿದ್ದಳು, ಕಾರ್ಖಾನೆ ಮುಚ್ಚಿದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು. ಆಮೇಲೆ ಏಳನೆಯ ಪಾಠ, ನೂರ ಎಂಬತ್ತಮೂರನೆಯ ಪುಟ. ಪ್ರೋಗ್ರಾಮು ಒಂದು ಕೆಲಸ ಮುಗಿಸಲು ಅದೇ ಕೆಲಸವನ್ನು ತುಸು ಚಿಕ್ಕದಾಗಿ ಮತ್ತೆ ಕರೆಯುವುದಂತೆ, ಅದು ಮತ್ತೆ ತನ್ನನ್ನೇ ಕರೆಯುವುದಂತೆ, ಅಂಚಿನಲ್ಲಿ ಆ ಗುಂಡಗಿನ ಅಕ್ಷರ, ತನ್ನನ್ನೇ ತಾನು ಕರೀತಾ ಹೋದ್ರೆ ನಿಲ್ಲೋದೆಲ್ಲಿ — ಅಷ್ಟೇ, ಅಲ್ಲಿಂದ ಪೆನ್ಸಿಲು ಕೆಳಕ್ಕೆ ಜಾರಿದೆ, ಓರೆಯಾಗಿ ಒಂದು ಗೆರೆ ಪುಟದ ತುದಿಯವರೆಗೆ. ನಿದ್ದೆ ಬಂತೋ, ಯಾರಾದರೂ ಕರೆದರೋ. ಮುಂದಿನ ಮುನ್ನೂರು ಚಿಲ್ಲರೆ ಪುಟಗಳಲ್ಲಿ ಏನೂ ಇಲ್ಲ, ಒಂದು ಅಕ್ಷರವಿಲ್ಲ, ತೊಳೆದಿಟ್ಟ ಹಾಗೆ. ಬಿಟ್ಟುಹೋದರು. ಇವಳಿಗಿಂತ ಚುರುಕಿನವರು, ತಮಾಷೆ ಗೊತ್ತಿದ್ದವರು, ಅವರೇ ಅಲ್ಲಿ ನಿಂತರು, ಬಹುಶಃ ಹೀಗೇ ಒಂದು ಅಕ್ಟೋಬರಿನಲ್ಲಿ ಇದೇ ಸಾಲಿನಲ್ಲಿ ನಿಂತರು. ಹದಿನೈದು ದಿನದಿಂದ ಅರ್ಲೀನಳೂ ಅಲ್ಲೇ, ಮೊನ್ನೆ ತರಗತಿಯಲ್ಲಿ ಹಾಲ್ವರ್ಸನ್ ಮೇಷ್ಟ್ರು, ಅರ್ಲೀನ್, ಇದು ಎಲ್ಲಿ ನಿಲ್ಲುತ್ತೆ ಹೇಳ್ತೀರಾ, ಒಳ್ಳೆಯ ಮನುಷ್ಯ, ಮೆತ್ತಗೇ ಕೇಳಿದ, ಇಪ್ಪತ್ತು ಎಳೆಯ ಮುಖಗಳು ತಿರುಗಿದವು, ಗೊತ್ತಿಲ್ಲ ಎಂದಳು, ಕಿವಿ ಸುಟ್ಟುಹೋಯಿತು, ಆ ರಾತ್ರಿಯೇ ಅರ್ಜಿ ತುಂಬಿದ್ದು.

ಮೇಡಂ, ಮುಂದೆ ಎಷ್ಟು ಜನ ಇದ್ದಾರೆ, ನಾಲ್ಕಕ್ಕೆ ನನಗೆ ಕ್ಲಾಸಿದೆ, ಎಂದಳು ಹಿಂದಿದ್ದ ನರ್ಸಿಂಗ್ ಹುಡುಗಿ, ನೀಲಿ ಅಂಗಿ, ಕೈಯಲ್ಲಿ ಎರಡು ದಪ್ಪ ಪುಸ್ತಕ. ಎಷ್ಟು ಜನವೋ, ಯಾರಿಗೆ ಕಾಣುತ್ತದೆ, ಸಾಲು ಕಾಲೇಜಿನ ಹೆಸರು ಬರೆದ ಸ್ವೆಟರುಗಳ ಕಪಾಟು ಸುತ್ತಿ ಆಚೆ ತಿರುಗಿದೆ, ಕತ್ತು ಚಾಚಿದರೂ ಸ್ವೆಟರುಗಳೇ. ನಿನ್ನ ಮುಂದೆ ಎಷ್ಟು ಜನರಪ್ಪ, ಎಂದು ಬಾತುಕೋಳಿಯವನನ್ನು ಕೇಳಿದಳು, ಅವನಿಗೂ ಕಾಣಲಿಲ್ಲ, ಅವನು ತನ್ನ ಮುಂದಿನವರನ್ನು ಕೇಳಿದ, ಆಚೆ ಯಾರೋ ಇನ್ನಾರನ್ನೋ ಕೇಳಿದ್ದು ಕೇಳಿಸಿತು, ಒಂದು ಗಳಿಗೆ ಬಿಟ್ಟು ಬಾತುಕೋಳಿಯವನು ತಿರುಗಿ ನನ್ನ ಮುಂದೆ ನಾಲ್ಕು ಎಂದ, ಹಾಗಾದರೆ ನನ್ನ ಮುಂದೆ ಐದು ಎಂದಳು ಅರ್ಲೀನ್, ಅಯ್ಯೋ ದೇವರೇ ನನಗೆ ಆರಾ ಎಂದಳು ಹುಡುಗಿ. ಸರಿ, ಅದೂ ಆಯಿತು. ಫೋನು ಮತ್ತೆ ಗುಂಯ್. ಆಲೂಗಡ್ಡೆ ಬಡಿಸುವುದು ಅವಮಾನದ ಕೆಲಸವೇನಲ್ಲ, ಅಮ್ಮ ಬಡಿಸಲಿಲ್ಲವೇ, ಅದಲ್ಲ, ಈಗ ಬಿಟ್ಟರೆ ಬಿರುಕು ಎಲ್ಲಿದೆ ಎಂದು ತಿಳಿಯದೆ ಜಾಡಿಯನ್ನು ಪಕ್ಕಕ್ಕಿಟ್ಟ ಹಾಗಾಗುತ್ತದೆ, ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲ ಹಾಗೆ ಮಾಡಿದವಳಲ್ಲ. ಸಾಲು ಸರಿಯಿತು, ಇನ್ನೊಂದು ಚೀಟಿ, ಇನ್ನೊಂದು, ಪುಸ್ತಕ ತೆಳ್ಳಗಾಗುತ್ತಿದೆ, ಜೇಬು ಉಬ್ಬುತ್ತಿದೆ, ಕೊನೆಯ ಚೀಟಿ ನೂರ ಎಂಬತ್ತಮೂರರಲ್ಲಿ, ಅದರ ಮೇಲೆ ಅವಳು ಬರೆದದ್ದೂ ಅದೇ, ನಿಲ್ಲೋದೆಲ್ಲಿ, ಕಿತ್ತಳು, ಕೆಳಗೆ ಆ ಜಾರಿದ ಗೆರೆ.

ಬಾತುಕೋಳಿ ತೂಗಿಕೊಂಡು ಬಾಗಿಲು ದಾಟಿ ಹೋಯಿತು, ಈಗ ಕೌಂಟರಿನ ಮುಂದೆ ಅರ್ಲೀನಳೇ, ಓಪಲ್ ಒಂದು ನಿಮಿಷ ಹನೀ ಎಂದು ಒಳಗೆ ಹೋಗಿದ್ದಾಳೆ, ಹ್ಯಾಲೋವೀನಿನ ಬಟ್ಟಲಲ್ಲಿ ಮಿಠಾಯಿ, ಒಂದು ಬಾಯಿಗೆ ಹಾಕಿಕೊಂಡಳು, ತೀರಾ ಸಿಹಿ. ಹಿಂದೆ ದೂರದಲ್ಲಿ, ಸ್ವೆಟರುಗಳಾಚೆ, ಯಾರೋ ಹೊಸದಾಗಿ ಬಂದವರ ದನಿ, ಮುಂದೆ ಎಷ್ಟು ಜನ ಇದ್ದಾರ್ರೀ? ಇನ್ನೊಂದು ದನಿ, ನಿಮ್ಮ ಮುಂದೆ ಎಷ್ಟು ಜನ? ಇನ್ನೊಂದು, ಗಂಡಸಿನದು, ನಿಮ್ಮ ಮುಂದೆ? ಅದೇ ಪ್ರಶ್ನೆ, ಹತ್ತಿರ, ಇನ್ನೂ ಹತ್ತಿರ, ಒಬ್ಬರಿಗೂ ಉತ್ತರ ಗೊತ್ತಿಲ್ಲ, ಒಬ್ಬರೂ ಓಡಿಹೋಗುತ್ತಿಲ್ಲ, ಕೇಳಿ ಸುಮ್ಮನೆ ಕಾಯುತ್ತಿದ್ದಾರೆ — ನರ್ಸಿಂಗ್ ಹುಡುಗಿ ಭುಜ ಮುಟ್ಟಿದಳು, ಮೇಡಂ, ನಿಮ್ಮ ಮುಂದೆ ಎಷ್ಟು ಜನ? ಕಣ್ಣಿಗೇ ಕಾಣುತ್ತಿದ್ದರೂ ಕೇಳಿದಳು ಪುಣ್ಯಾತ್ಗಿತ್ತಿ, ಅಭ್ಯಾಸಬಲ. ಅರ್ಲೀನ್ ತಿರುಗಿ ಮುಂದೆ ನೋಡಿದಳು, ಖಾಲಿ ಕೌಂಟರು, ಬಟ್ಟಲು, ಗೋಡೆ. ಯಾರೂ ಇಲ್ಲ, ಎಂದಳು. ನನ್ನ ಮುಂದೆ ಒಬ್ರು, ಎಂದಳು ಹುಡುಗಿ ಹಿಂದಕ್ಕೆ. ನನ್ನ ಮುಂದೆ ಇಬ್ರು. ನನ್ನ ಮುಂದೆ ಮೂವರು. ಉತ್ತರ ಬಂದ ದಾರಿಯಲ್ಲೇ ವಾಪಸು ಹೋಗುತ್ತಿದೆ, ಪ್ರತಿಯೊಬ್ಬರೂ ಒಂದು ಸೇರಿಸಿ, ಕಪಾಟು ಸುತ್ತಿ, ಕೇಳಿದವರವರೆಗೆ, ಅರ್ಲೀನಳ ತೋಳಿನ ರೋಮವೆಲ್ಲ ಎದ್ದು ನಿಂತಿತು, ಅಯ್ಯೋ ನನ್ನ ಮಂಕುತನವೇ, ಇಷ್ಟೇನಾ, ಇಷ್ಟೇನಾ ಆ ಏಳನೆಯ ಪಾಠ!

ವಾಪಸ್ಸಾ ಹನೀ, ಓಪಲ್ ಬಂದು ಚೀಟಿ ಓದುವ ಕೆಂಪು ದೀಪದ ಯಂತ್ರ ಎತ್ತಿದಳು, ಪುಸ್ತಕ ತೆರೆದೇ ಇತ್ತು, ಅಬ್ಬಾ ಎಷ್ಟು ಚೀಟಿ ಅಂಟಿಸಿದ್ಯೋ ಏನೋ, ಜೇಬು ನೋಡು, ಪೆನ್ಸಿಲಲ್ಲಿ ಬರೀಬಹುದಿತ್ತಲ್ಲಮ್ಮ, ಎಲ್ಲರೂ ಬರೀತಾರೆ, ನಾವೇನೂ ಅನ್ನಲ್ಲ. ಕೆಂಪು ಬೆಳಕು ಹತ್ತಿರ ಬಂತು, ಅರ್ಲೀನಳ ಕೈ ತಾನಾಗಿ ಹೋಯಿತು, ಬೆನ್ನಿನ ಬಾಡಿಗೆ ಚೀಟಿಯ ಮೇಲೆ ಅಡ್ಡ ಬಿದ್ದಿತು. ಪೆನ್ಸಿಲ್ ಇದೆಯಾ? ಏನು? ಪೆನ್ಸಿಲ್ ಕೊಡಿ ಓಪಲ್, ಡಿಸೆಂಬರಿಗೆ ಬರ್ತೀನಿ, ಪೆನ್ಸಿಲ್ ಕೊಡಿ. ಹಿಂದಿನಿಂದ ಹುಡುಗಿ ಮೇಡಂ, ನನಗೆ ಕ್ಲಾಸು, ಎನ್ನುತ್ತಿದ್ದಾಳೆ, ಬ್ಯಾಗಿನಲ್ಲಿ ಅಕ್ಕ ಗುಂಯ್‌ಗುಡುತ್ತಿದ್ದಾಳೆ, ಗುಂಯ್‌ಗುಡಲಿ, ಅಮ್ಮ ಮೊಳೆ ಹೊಡೀಬೇಡ ಕಣೇ ಎನ್ನುತ್ತಿದ್ದಾಳೆ, ಅನ್ನಲಿ, ಓಪಲ್ ಕಿವಿಯ ಮೇಲಿಂದ ಮೋಟು ಪೆನ್ಸಿಲು ತೆಗೆದುಕೊಟ್ಟಳು, ಅರ್ಲೀನ್ ಆ ಗುಂಡಗಿನ ಅಕ್ಷರಗಳ ಕೆಳಗೆ ಮೊನೆ ಊರಿದಳು, ಮುಂದೆ ಯಾರೂ ಇಲ್ಲದವರ ಹತ್ತಿರ ನಿಲ್ಲುತ್ತೆ, ಬರೆದಳು, ಆಮೇಲೆ ವಾಪಸು ಬರುತ್ತೆ, ಬರೆದಳು, ಇನ್ನೂ ಏನೋ ಬರೆಯಬೇಕು, ನೀನು ಪೆದ್ದಲ್ಲ ಎಂದೋ, ಎಲ್ಲಿದ್ದೀಯ ಎಂದೋ, ಕಣ್ಣು ಮಂಜಾಯಿತು, ಮೊನೆ ಅಲ್ಲೇ ನಿಂತಿತು, ಆ ಗೆರೆಯ ಮೇಲೆ, ಜಾರಿಹೋದ ಆ ಗೆರೆ, ಓರೆಯಾಗಿ, ಪುಟದ ತುದಿಯವರೆಗೆ, ಆ ಗೆರೆ —