ಅಣ್ಣ ಕಲಿಸಿದ ಫ್ರೆಂಚ್ ಡಿಫೆನ್ಸ್

ಒಂದರ ಬೆನ್ನಿಗೊಂದು ಎರಡು ಪಾಳಿ ದುಡಿದು, ಆಸ್ಪತ್ರೆಯ ಸಮವಸ್ತ್ರದ ಮೇಲೊಂದು ಸ್ವೆಟರ್ ಏರಿಸಿಕೊಂಡು ಬಂದ ನರ್ಸಮ್ಮ, ಗೋಡೆಗೆ ಅಂಟಿಸಿದ್ದ ಪಟ್ಟಿ ನೋಡಿ ನಿಂತೇಬಿಟ್ಟಳು. ಚದುರಂಗ ಪಂದ್ಯಾವಳಿಯ ಕೊನೆಯ ಸುತ್ತು, ಮೂರನೇ ಮೇಜು. ಎದುರಾಳಿ ಸ್ವಂತ ಅಣ್ಣ.

ಮಾತು ಬಿಟ್ಟು ಎರಡು ವರ್ಷವಾಗಿತ್ತು. ಅಮ್ಮ ತೀರಿಕೊಳ್ಳುವ ಮುನ್ನ ಆರು ತಿಂಗಳು ಹಾಸಿಗೆ ಹಿಡಿದಿದ್ದಾಗ ಅವನು ಬಂದದ್ದು ಎರಡೇ ಸಲ. ಯಾಕೆಂದು ಕೇಳಿದರೆ, "ನೀನು ನರ್ಸು, ನಿನಗೆ ಇದೆಲ್ಲ ಅಭ್ಯಾಸ" ಅಂದಿದ್ದ. ಆ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಾಗಿ ಉಳಿದಿತ್ತು.

ಅಣ್ಣನದು ಬಿಳಿ ಕಾಯಿ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದ. ಅವಳು ತನ್ನದನ್ನು ಒಂದೇ ಮನೆ ಸರಿಸಿದಳು. ಫ್ರೆಂಚ್ ಡಿಫೆನ್ಸ್ ಎಂಬ ರಕ್ಷಣೆಯ ಪಟ್ಟು. ಅವಳಿಗೆ ಒಂಬತ್ತಾಗಿದ್ದಾಗ ಅದನ್ನು ಕಲಿಸಿದವನೂ ಅವನೇ: "ಮೊದಲು ಮುದುರಿಕೊಂಡು ಕೂತ್ಕೋ, ಎದುರಿನವರು ಸುಸ್ತಾದ ಮೇಲೆ ಏಳು."

ಮೂರನೇ ನಡೆಯಲ್ಲೇ ಅವನು ನಡುವಿನ ಕಾಲಾಳನ್ನು ಹೊಡೆದ. ಅವಳೂ ತಿರುಗಿ ಹೊಡೆದಳು. ಆಟವನ್ನು ಸಪ್ಪೆ ಮಾಡಿ ಸಮ ಮಾಡಿಕೊಳ್ಳುವವರು ಹಿಡಿಯುವ ದಾರಿ ಅದು. ಹತ್ತನೇ ನಡೆಗೆ ಅವಳ ಕೆಂಪೇರಿದ ಕಣ್ಣು ನೋಡಿ, "ಡ್ರಾ?" ಎಂದ ಮೆಲ್ಲಗೆ.

ಕನಿಕರ ಬೇರೆ! ಅವಳಿಗೆ ಮೈ ಉರಿಯಿತು. ಬೇಡವೆಂದು ತಲೆಯಾಡಿಸಿ ಕುದುರೆಯನ್ನು ಮುಂದೆ ನುಗ್ಗಿಸಿದಳು.

ಮೂರು ಗಂಟೆ ಹಲ್ಲು ಕಚ್ಚಿ ಆಡಿ ಒಂದು ಕಾಲಾಳು ಗಳಿಸಿದಳು. ಆಮೇಲೆ ಹಲಗೆಯ ಮನೆಗಳೇ ಕಣ್ಣ ಮುಂದೆ ಈಜತೊಡಗಿದವು. ಒಂಟೆಯನ್ನು ಸರಿಸಲು ಹೋಗಿ ಕೈ ಆನೆಯನ್ನು ಮುಟ್ಟಿತು. ಮುಟ್ಟಿದ ಕಾಯಿ ನಡೆಸಲೇಬೇಕು. ಎಲ್ಲಿಟ್ಟರೂ ಆನೆ ಉಳಿಯುವಂತಿರಲಿಲ್ಲ. ಅಣ್ಣ ಅವಳ ಮುಖವನ್ನೊಮ್ಮೆ ನೋಡಿ, ಅದನ್ನು ಹೊಡೆದ. ಅವಳು ಸೋಲೊಪ್ಪಿ ಕೈ ಚಾಚಿದಳು.

ಹೊರಗಿನ ಮೆಟ್ಟಿಲ ಮೇಲೆ ಅವಳು ಊದಿದ ಕಾಲು ಚಾಚಿ ಕೂತಿದ್ದಾಗ ಅವನೂ ಬಂದು ಪಕ್ಕದಲ್ಲಿ ಕೂತ.

"ಗೆದ್ದಿದ್ದು ನಾನಲ್ಲ, ನಿನ್ನ ನಿದ್ದೆ."

"ಸಮಾಧಾನ ಹೇಳೋಕೆ ಬರ್ಬೇಡ."

ಅವನು ಹೇಳಿದ, "ಅಮ್ಮನ್ನ ಹಾಗೆ ನೋಡೋ ಧೈರ್ಯ ಇರ್ಲಿಲ್ಲ ನನಗೆ. ಹೆದರಿದೀನಿ ಅನ್ನೋಕೆ ನಾಚಿಕೆ ಆಗಿ, ಬಾಯಿಗೆ ಬಂದಿದ್ದು ಅಂದುಬಿಟ್ಟೆ."

"ಅದು ಯಾರಿಗೂ ಅಭ್ಯಾಸ ಆಗಲ್ಲ ಕಣಣ್ಣ."

"ಬಯ್ಯಿ, ಬೇಕಾದ್ರೆ."

"ಬಯ್ಯೋಕೂ ತ್ರಾಣ ಇಲ್ಲ ಈಗ. ಭಾನುವಾರ ಮನೆಗೆ ಬಾ. ನಿದ್ದೆ ಮಾಡಿ ಎದ್ದು ಸರಿಯಾಗಿ ಬಯ್ತೀನಿ."

"ಎಷ್ಟು ಗಂಟೆಗೆ?"

"ಹತ್ತಕ್ಕೆ. ಅತ್ತಿಗೇನೂ ಕರ್ಕೊಂಡ್ ಬಾ, ಅವರೂ ಕೇಳ್ಲಿ."

ಅಣ್ಣ ಹೂಂ ಎಂದ. ಬಸ್ಸು ಬರುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.