ಮಸ್ತಾನಸಾಬನ ಸವಾಲು

ಯಾದಗಿರಿಯಲ್ಲಿ ಆಟೊ ಹತ್ತುವುದೆಂದರೆ ಖಂಡಪ್ಪನಿಗೆ ತಲೆನೋವು. ಸರಿಯಾಗಿ ಕೂರುವ ಮೊದಲೇ ಆಟೊದವನ ಮೊಬೈಲಿನಿಂದ ಮಸ್ತಾನಸಾಬನ ದನಿ ಎದ್ದು ಬರುತ್ತಿತ್ತು. ಊರಲ್ಲಿ ಬೇರೆ ಹಾಡೇ ಇಲ್ಲವೇನೋ ಎಂಬಂತೆ ಎಲ್ಲರೂ ಅದನ್ನೇ ಹಾಕುತ್ತಿದ್ದರು.

ಇಬ್ಬರು ಹೊಂಟಾರ ಒಂದೇ ನೆರಳಿನಾಗ,
ಒಬ್ಬ ಉಳದರ ನೆರಳು ಯಾರ ಪಾಲಿಗ?
ಜವಾಬು ಹೇಳೊ ಬಳಿಚಕ್ರದ ಜಾಣಾ.

ಆ ಜಾಣ ತಾನೇ ಎಂದು ಖಂಡಪ್ಪ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ಸುಮ್ಮನಿರುತ್ತಾರೆಯೇ? ಮತ್ತ ಜವಾಬು ಏನ್ರಿ ಎಂದು ಕೇಳುತ್ತಾರೆ. ಅದು ಅವನಿಗೆ ಗೊತ್ತಿದ್ದರೆ ತಾನೇ.

ಮೊಹರಂ ಬಂತೆಂದರೆ ಒಂದು ಕಾಲದಲ್ಲಿ ಇಬ್ಬರದೂ ಊರೂರು ತಿರುಗಾಟ. ಶಹಾಪುರದ ಮಸ್ತಾನಸಾಬನದು ಒಂದು ಮೇಳ, ಬಳಿಚಕ್ರದ ಖಂಡಪ್ಪನದು ಇನ್ನೊಂದು. ಒಬ್ಬ ಹಾಡಿನಲ್ಲಿ ಸವಾಲು ಎಸೆದರೆ ಇನ್ನೊಬ್ಬ ಹಾಡಿನಲ್ಲೇ ಜವಾಬು ಕೊಡಬೇಕು. ಸೋತವನು ತಾನು ಬಾರಿಸುವ ದಪ್ಪು ವಾದ್ಯಕ್ಕೆ ಕಟ್ಟಿದ ಗೊಂಡೆ ಬಿಚ್ಚಿ ಗೆದ್ದವನ ಕೈಗೆ ಕೊಡಬೇಕು. ಆಮೇಲೆ ಗೆದ್ದವನು ಜವಾಬು ಹಾಡುತ್ತಾನೆ. ತನಗೇ ಜವಾಬು ಗೊತ್ತಿಲ್ಲದೆ ಸವಾಲು ಹಾಕಿದವನನ್ನು ಮಾತ್ರ ಹಾಡುಗಾರರು ಪಕ್ಕದಲ್ಲೂ ಕೂರಿಸಿಕೊಳ್ಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಮೋಸ ಅವರಲ್ಲಿ ಇರಲಿಲ್ಲ. ರಾತ್ರಿಯಿಡೀ ಹಾಡಿನಲ್ಲಿ ಬೈದಾಡಿ, ಬೆಳಿಗ್ಗೆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಯಾದಗಿರಿಯ ಕ್ಯಾಸೆಟ್ ಅಂಗಡಿಯವನೊಬ್ಬ ಇಬ್ಬರನ್ನೂ ಹಿಂದಿನ ಕೋಣೆಗೆ ಕರೆದು, ಸದ್ದಾಗುತ್ತದೆಂದು ಫ್ಯಾನು ಆರಿಸಿ, ಬೆವರು ಸುರಿಯುತ್ತಿದ್ದರೂ ಹಾಡಿಸಿದ. ಕೊನೆಯಲ್ಲಿ ಮಸ್ತಾನಸಾಬ ಈ ಸವಾಲು ಎಸೆದ. ಖಂಡಪ್ಪನ ಬಾಯಿ ಕಟ್ಟಿತು. ಅಂಗಡಿಯವನಿಗೆ ಅದೇ ಖುಷಿ. ‘ಜವಾಬು ಎರಡನೇ ಕ್ಯಾಸೆಟ್ಟಿನಲ್ಲಿ’ ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸಿದ.

ಎರಡನೇ ಕ್ಯಾಸೆಟ್ಟು ಬರಲೇ ಇಲ್ಲ. ಖಂಡಪ್ಪನಿಗೆ ಜವಾಬು ಹೊಳೆಯಲಿಲ್ಲ. ಗೊಂಡೆ ಬಿಚ್ಚಿ ಕೊಡಲು ಮನಸ್ಸಾಗಲಿಲ್ಲ. ಮಹಾ ಹಟಮಾರಿ ಆತ. ಮುಂದಿನ ಹಬ್ಬಕ್ಕೆ ಶಹಾಪುರದ ಕಡೆ ತಲೆ ಹಾಕಲಿಲ್ಲ. ಬರಲು ಹೇಳಿ ಮಸ್ತಾನಸಾಬ ಜನ ಕಳಿಸಿದರೆ, “ಇನ್ನೂ ಹುಡುಕಾಕತ್ತೇನಿ ಅಂತ ಹೇಳ್ರಿ” ಎಂದು ವಾಪಸು ಕಳಿಸಿದ. ಮರುವರ್ಷವೂ ಅದೇ ಮಾತು. ಮೇಳ ಚೆದುರಿತು. ಖಂಡಪ್ಪ ಯಾದಗಿರಿಯ ಗಂಜ್ ಮಾರುಕಟ್ಟೆಯಲ್ಲಿ ಕಾಳಿನ ಚೀಲ ಹೊಲಿಯುತ್ತ ಒಬ್ಬನೇ ಉಳಿದ. ಮದುವೆಯ ಗೊಡವೆಗೆ ಅವನು ಮೊದಲೇ ಹೋಗಿರಲಿಲ್ಲ. ಅವನ ಜತೆ ಜಗಳವಾಡುವುದಕ್ಕೂ ಒಂದು ಜೀವವಿರಲಿಲ್ಲ.

ಹೋದ ಬೇಸಿಗೆಯಲ್ಲಿ ಒಬ್ಬ ಆಟೊದವನು ಹಾಡು ನಿಲ್ಲಿಸಿ, “ಈ ಹಾಡಿನ ಮುತ್ಯಾ ನಿನ್ನೆ ತೀರಿಕೊಂಡ್ರಂತ್ರಿ” ಎಂದ. ಖಂಡಪ್ಪ ಅಲ್ಲೇ ಇಳಿದು ನಡೆದುಕೊಂಡು ಮನೆಗೆ ಹೋದ. ಮಣ್ಣು ಕೊಡಲೂ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು?

ಈಗ ಮಸ್ತಾನಸಾಬನ ತಮ್ಮನ ಮಗ ಅಜೀಮ ಫೋನು ಮಾಡಿದ್ದ. ಶಹಾಪುರದಲ್ಲಿ ದೊಡ್ಡಪ್ಪನ ನೆನಪಿಗೆ ಹಾಡಿನ ಕಾರ್ಯಕ್ರಮ, ನೀವು ಎರಡು ಮಾತಾಡಬೇಕು ಎಂದ. ಖಂಡಪ್ಪ ಹಳೆಯ ದಪ್ಪನ್ನು ಗೋಡೆಯ ಮಾಡದಿಂದ ಇಳಿಸಿ, ಬಣ್ಣಗೆಟ್ಟ ಗೊಂಡೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಮಸ್ತಾನ ತನ್ನ ಹೆಂಡತಿಗಾದರೂ ಜವಾಬು ಹೇಳಿರುತ್ತಾನೆ. ಸೋತೆನೆಂದು ಒಪ್ಪಿ ಅದನ್ನು ಕೇಳಿಕೊಂಡರೆ, ಮಸ್ತಾನನ ಜತೆ ಕೊನೆಯ ಸಲ ಮಾತಾಡಿದಂತಾಗುತ್ತದೆ. ಅಷ್ಟೇ ಅವನ ಆಸೆ. ಬಸ್ಸು ಭೀಮಾ ಸೇತುವೆ ದಾಟುವಾಗಲೂ ಅವನ ಕೈ ಜೇಬಿನಲ್ಲೇ ಇತ್ತು.

ಕಾರ್ಯಕ್ರಮ ಮಸ್ತಾನಸಾಬನ ಮನೆಯ ಹಿಂದಿನ ಬಯಲಿನಲ್ಲೇ. ಖಂಡಪ್ಪ ಮೊದಲು ಮನೆಗೆ ಹೋದ. ಮಸ್ತಾನನ ಹೆಂಡತಿ ಕುಬ್ರಾಬೇಗಂ ಚಹಾ ಕೊಟ್ಟಳು. ಅವನು ಗೊಂಡೆಯನ್ನು ಅವಳ ಮುಂದಿಟ್ಟ.

“ಸೋತೇನಿ ಭಾಬಿ. ಜವಾಬು ಹೇಳ್ರಿ.”

ಅವಳು ಗೊಂಡೆಯನ್ನು ಮುಟ್ಟಲಿಲ್ಲ.

“ಜವಾಬು ಇರಲೇ ಇಲ್ಲ, ಖಂಡಪ್ಪಣ್ಣ.”

“ಮಸ್ತಾನ ಅಂಥಾವ ಅಲ್ರಿ.”

“ಅಲ್ಲ ಅಂತ ನನಗೂ ಗೊತ್ತೈತಿ. ಕ್ಯಾಸೆಟ್ಟು ಬಂದಮ್ಯಾಗ ಮೇಳ ಕರಸವರು ಕಡಿಮಿ ಆದ್ರು. ಇನ್ನ ಖಂಡಪ್ಪ ಯಾಕ ಬಂದಾನು ಅಂತ ಅವರಿಗೆ ಅಂಜಿಕಿ. ‘ಜವಾಬು ಸಿಗಲಾರದ್ದು ಕೇಳೀನಿ, ಜಗಳಾಡಾಕರ ವರ್ಷಾ ವರ್ಷಾ ಬರ್ತಾನ’ ಅಂತ ನಗತಿದ್ರು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಹಬ್ಬ ಬಂತಂದ್ರ ಬಸ್ ಸ್ಟ್ಯಾಂಡಿಗೆ ಹೋಗಿ ಕೂಡ್ತಿದ್ರು. ಯಾದಗಿರಿ ಬಸ್ಸು ಬಂದಾಗೊಮ್ಮಿ ಎದ್ದು ನಿಲ್ತಿದ್ರು. ಇದನ್ನ ಯಾರ ಮುಂದೂ ಆಡಬ್ಯಾಡ್ರಿ. ಅವರ ಹೆಸರು ಹೋಗ್ತದ.”

ಖಂಡಪ್ಪ ಗೊಂಡೆಯನ್ನು ಮತ್ತೆ ಕೈಗೆ ತೆಗೆದುಕೊಂಡ. ಮಸ್ತಾನ ಸವಾಲು ಹಾಕಿದ್ದು ಖಂಡಪ್ಪ ಬರಲಿ ಎಂದು. ಆ ಸವಾಲಿನಿಂದಲೇ ಖಂಡಪ್ಪ ಬರದೆ ಉಳಿದದ್ದು. ಚಹಾ ಹಾಗೆಯೇ ಆರಿಹೋಯಿತು.

ಬಯಲಿನ ಸ್ಪೀಕರಿನಲ್ಲಿ ಅದೇ ಹಾಡು ಶುರುವಾಯಿತು. ಅಜೀಮ ಬಂದು ಅವನನ್ನು ಕರೆದೊಯ್ದು ವೇದಿಕೆ ಹತ್ತಿಸಿ, ಬಳಿಚಕ್ರದ ಜಾಣ ಇವರೇ ಎಂದ. ಸಿಳ್ಳೆ ಬಿದ್ದವು. ಮುಂದೆ ಸುರಪುರದಿಂದ, ಸೈದಾಪುರದಿಂದ ಬಂದ ಹಾಡುಗಾರರು ದಪ್ಪು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

“ಜವಾಬು ಹೇಳ್ರಿ ಮುತ್ಯಾ,” ಒಬ್ಬ ಕೂಗಿದ. “ಮಸ್ತಾನಸಾಬರ ಹತ್ರಾದ್ರೂ ಇತ್ತೋ ಇಲ್ಲೋ?”

ಖಂಡಪ್ಪ ಮಸ್ತಾನಸಾಬನ ಫೋಟೊದ ಹತ್ತಿರ ಹೋದ. ಚೌಕಟ್ಟಿಗೆ ಗೊಂಡೆ ಕಟ್ಟಲು ನೋಡಿದ. ಗಂಟು ಬೀಳಲಿಲ್ಲ, ಅಜೀಮ ಕಟ್ಟಿಕೊಟ್ಟ. ಆಮೇಲೆ ಮೈಕಿನ ಮುಂದೆ ನಿಂತ.

“ಜವಾಬು ಅವನ ಹತ್ರ ಇತ್ತು,” ಎಂದ. “ನಾನೇ ಕೇಳಾಕ ಬರಲಿಲ್ಲ.”