ತಣ್ಣನೆಯ ತತ್ತಿ

ಕನಕಮ್ಮ ವಾಡೆಯೊಳಗೆ ಹೆಗಲವರೆಗೆ ಕೈ ತೂರಿಸಿ, ಬೆರಳಿಗೆ ತಗುಲಿದ ಎರಡು ಬೆಚ್ಚಗಿನ ತತ್ತಿಗಳನ್ನು ಅಂಗೈಗೆ ತೆಗೆದುಕೊಳ್ಳುವುದಕ್ಕೂ ಬೇಲಿಯಾಚೆ ಪಕ್ಕದ ಮನೆಯ ಸೊಸೆ ಸೌಭಾಗ್ಯ "ಅತ್ತೀ" ಎಂದು ಚೀರುವುದಕ್ಕೂ ಸರಿಹೋಯಿತು.

ವಾಡೆ ಕನಕಮ್ಮನ ಅತ್ತೆಯ ಕಾಲದ್ದು. ಒಂದು ಕಾಲಕ್ಕೆ ಜೋಳ ತುಂಬಿಡುತ್ತಿದ್ದ ಸೊಂಟದೆತ್ತರದ ಮಣ್ಣಿನ ಗಡಿಗೆ. ಬಾಯಿ ಒಡೆದ ಮೇಲೆ ಹಿತ್ತಲಿಗೆ ಬಂದು, ಬೇಲಿಯ ಬುಡದಲ್ಲಿ ಅಡ್ಡ ಮಲಗಿ, ಹನ್ನೊಂದು ವರ್ಷದಿಂದ ಬೇರೊಂದು ಕೆಲಸಕ್ಕೆ ಸೇರಿಕೊಂಡಿತ್ತು. ಅದರೊಳಗೆ ಕಣ್ಣು ಹಾಯುವುದಿಲ್ಲ, ಕೈ ಮಾತ್ರ ಹಾಯುತ್ತದೆ. ಇವತ್ತು ಒಳಗೆ ಮೂರಿದ್ದವು. ಎರಡು ಬೆಚ್ಚಗೆ; ತೀರ ಒಳಗಿನದು ಎಂದಿನಂತೆ ತಣ್ಣಗೆ. ಆ ತಣ್ಣನೆಯದನ್ನು ಕನಕಮ್ಮ ಎಂದೂ ತೆಗೆದವಳಲ್ಲ. ಗೂಡಿನಲ್ಲಿ ಒಂದನ್ನು ಬಿಟ್ಟರೇನೇ ಕೋಳಿ ಆ ಜಾಗ ನಂಬಿ ಮತ್ತೆ ಬರುತ್ತದೆ ಎನ್ನುವುದು ಕೋಳಿ ಸಾಕಿದವರಿಗೆಲ್ಲ ಗೊತ್ತು. ಕನಕಮ್ಮನಿಗೂ ಗೊತ್ತಿತ್ತು. ಆದರೆ ಕನಕಮ್ಮ ಕೋಳಿ ಸಾಕಿದವಳಲ್ಲ. ಕೋಳಿ ಬೇಲಿಯಾಚೆಯ ಮೈಲಮ್ಮನವು.

ಚೀರಾಟ ಮತ್ತೆ ಕೇಳಿತು. ಕೈಗೆ ಬಂದಿದ್ದ ತತ್ತಿಗಳನ್ನು ಅವಳು ಇದ್ದಲ್ಲೇ ವಾಪಸಿಟ್ಟಳು. ಹನ್ನೊಂದು ವರ್ಷದಲ್ಲಿ ಇದೇ ಮೊದಲು.

ಮೈಲಮ್ಮ ಬದನೆ ಗಿಡಗಳಿಗೆ ನೀರು ಹಾಕುತ್ತ ಕುಕ್ಕರುಗಾಲಲ್ಲಿ ಕೂತವಳು ಹಾಗೇ ಗೋಡೆಗೆ ಒರಗಿಬಿಟ್ಟಿದ್ದಳು. ಕಣ್ಣು ಮುಚ್ಚಿತ್ತು. ಚೊಂಬು ಉರುಳಿತ್ತು, ಆದರೆ ಪಾತಿಯೊಳಕ್ಕೇ ಉರುಳಿತ್ತು. ಒಂದು ಹನಿಯೂ ದಂಡವಾಗಿರಲಿಲ್ಲ.

ಸೂರ್ಯ ನೆತ್ತಿಗೇರುವ ಹೊತ್ತಿಗೆ ಅಂಗಳದಲ್ಲಿ ಶಾಮಿಯಾನ ಎದ್ದು, ಕಾನಹೊಸಹಳ್ಳಿ ಕಡೆಯ ಬೀಗರೂ ಬಂದಿಳಿದರು. ಮೈಲಮ್ಮನನ್ನು ಕಂಬಳಿಯ ಮೇಲೆ ಕೂಡಿಸಿ ಗೋಡೆಗೆ ಆನಿಸಿದ್ದರು. ಗೋಡೆ ತಿಳಿನೀಲಿ. ಈ ಯುಗಾದಿಗೆ ಮೈಲಮ್ಮನೇ ಹಟ ಹಿಡಿದು ಸುಣ್ಣಕ್ಕೆ ನೀಲಿ ಕಲಸಿ ಬಳಿದದ್ದು. ಊರಲ್ಲಿ ಅಂಥ ಗೋಡೆ ಅದೊಂದೇ. ಬೀರಪ್ಪನ ಪೂಜಾರಿ ಕರಿಸಿದ್ದಪ್ಪ ಅವಳ ಹಣೆ ತುಂಬ ಭಂಡಾರ ಹಚ್ಚಿ, ಪಕ್ಕದಲ್ಲಿ ಕೂತು ಬಾಯಲ್ಲೇ ಏನನ್ನೋ ಜಪಿಸುತ್ತಿದ್ದ.

ಸಾವಿನ ಮನೆಗೆ ಬಂದವರ ಬಾಯಿಗೆ ಬೀಗ ಹಾಕಿದವರುಂಟೇ? ಮೈಲಮ್ಮನ ಮೈದುನ ಓಬಣ್ಣ ಕಟ್ಟೆಯ ಮೇಲೆ ಕೂತು ಎಲೆ ಮಡಿಸುತ್ತ ಶುರುವಿಟ್ಟುಕೊಂಡ.

"ನಮ್ಮತ್ತಿಗಿ ಮನಸು ಚಿನ್ನ. ಆದ್ರ ಕೈಗುಣ ಒಂದಿಲ್ಲ ನೋಡ್ರಿ. ಬದ್ನಿ ಹಚ್ಚಿದ್ರ ಬರೇ ಎಲಿ. ಹೀರಿ ಹಚ್ಚಿದ್ರ ಬರೇ ಬಳ್ಳಿ."

"ಬಳ್ಳಿ ಕಾಯಿ ಬಿಡತಿತ್ತಪ್ಪ," ಎಂದ ಪಕ್ಕದವ. "ಬೇಲಿ ಹಾರಿ ಕನಕವ್ವನ ಹಿತ್ತಲದಾಗ ಬಿಡತಿತ್ತು."

"ಬಳ್ಳಿಗೂ ಗೊತ್ತು, ಈಕಿ ಕೈಯಾಗ ಕಾಯಿ ಬಿಟ್ರ ಫಲ ಇಲ್ಲಂತ!"

ನಾಲ್ಕು ಜನ ತಲೆತಗ್ಗಿಸಿ ನಕ್ಕರು. ಹೆಂಗಸರ ಗುಂಪಿನ ಹಿಂದೆ ಕಂಬಕ್ಕೆ ಆತು ನಿಂತಿದ್ದ ಕನಕಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನೋಡಿದವರು ಅಳು ಎಂದುಕೊಂಡರು.

"ಕೋಳೀದು ಕೇಳಬ್ಯಾಡ," ಓಬಣ್ಣನ ಬಾಯಿ ನಿಲ್ಲಲಿಲ್ಲ. "ಐದು ಹ್ಯಾಂಟಿ. ಗಿಣಿ ಇದ್ದಂಗ ಅದಾವ, ಮೈ ನೋಡಿದ್ರ ಹೊಳೀತಾವ. ಮನಿಯಾಗ ತತ್ತಿ ಮಾತ್ರ ಅಮಾಸಿಗೊಂದು ಹುಣ್ಣಿವಿಗೊಂದು."

ಮೈಲಮ್ಮನ ಮಗ ಬೀರಲಿಂಗೇಶ್ ಬೆಳಗಿನಿಂದ ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದ. ಅಂಗಳದ ಮೂಲೆಗೆ ಕೈ ತೋರಿಸಿದ. ಅಲ್ಲೊಂದು ದೊಡ್ಡ ಬಿದಿರಿನ ಬುಟ್ಟಿ ಬೋರಲಾಗಿತ್ತು, ಅದರ ಮೇಲೆ ಕಲ್ಲು. ಒಳಗಿನಿಂದ ಕೊಕ್ ಕೊಕ್ ಸದ್ದು.

"ಮುಚ್ಚಿ ಹಾಕೀನಿ ಕಾಕಾ. ಮೂರನೇ ದಿನದ ಎಡಿಗೆ ಬ್ಯಾರೆ ಕೋಳಿ ಯಾಕ ತರಬೇಕು? ಗೊಡ್ಡು ಹ್ಯಾಂಟಿ. ಅವ್ವ ಇದ್ದಷ್ಟು ದಿನ ಕೊಯ್ಯಾಕ ಬಿಡ್ಲಿಲ್ಲ. ಇನ್ನ ಜ್ವಾಳ ತಿನಿಸಿ ಸಾಕೋರು ಯಾರು?"

ಕನಕಮ್ಮ ಬುಟ್ಟಿಯ ಕಡೆ ತಿರುಗಿದಳು. ಗೊಡ್ಡು! ಬೆಳಿಗ್ಗೆ ತನ್ನ ಅಂಗೈಯನ್ನು ಬೆಚ್ಚಗೆ ಮಾಡಿದ್ದು ಯಾವ ಕೋಳಿಯ ತತ್ತಿ? ಈಗ ಬಾಯಿ ಬಿಡದೆ ಹೋದರೆ ಕೋಳಿಗಳು ಗೊಡ್ಡೆಂದು ಹೋಗುತ್ತವೆ, ಮೈಲಮ್ಮ ಕೈಗುಣವಿಲ್ಲದವಳೆಂದು ಮಣ್ಣಾಗುತ್ತಾಳೆ. ಬಿಟ್ಟರೆ, ಇಷ್ಟು ವರ್ಷ ತಲೆಯೆತ್ತಿ ನಡೆದ ಊರಲ್ಲಿ ಕನಕಮ್ಮ ಕಳ್ಳಿ.

*

ಹನ್ನೊಂದು ವರ್ಷದ ಹಿಂದೆ ಕನಕಮ್ಮನ ಮಗಳು ಹುಲಿಗೆಮ್ಮ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಮೈಯಲ್ಲಿ ರಕ್ತವಿಲ್ಲ, ಮೊಲೆಯಲ್ಲಿ ಹಾಲಿಲ್ಲ. ದಿನಕ್ಕೊಂದು ತತ್ತಿ ತಪ್ಪದೆ ಕೊಡಿರೆಂದು ನರ್ಸಮ್ಮ ಹೇಳಿ ಹೋಗಿದ್ದಳು. ಅದೇ ವಾರ, ಬಚ್ಚಲ ನೀರು ಯಾರ ಹಿತ್ತಲಿಗೆ ಹರಿಯಬೇಕೆಂಬ ವಿಷಯಕ್ಕೆ ಬೇಲಿಯ ಎರಡೂ ಬದಿಗೆ ಜಗಳವಾಗಿತ್ತು. ಮೈಲಮ್ಮನಿಗೆ ಬದನೆಗೆ ನೀರು ಬೇಕು, ಕನಕಮ್ಮನಿಗೆ ಬಾಳೆಗೆ. ಇಬ್ಬರಿಗೂ ಸಾಲದಷ್ಟೇ ನೀರು.

ಮರುದಿನವೇ ಮೈಲಮ್ಮ ಉಡಿಯಲ್ಲಿ ಆರು ತತ್ತಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ತಗಾ ಕನಕಿ. ಕೂಸಿನ ತಾಯಿಗೆ."

"ನಮ್ಮನಿ ಬಾಣಂತಿಗೆ ಕಂಡೋರ ತತ್ತಿ ತಿನ್ಸಾಕ ನಾನೇನು ಸತ್ತಿಲ್ಲ."

"ಸಾಯಬ್ಯಾಡಲೇ," ಮೈಲಮ್ಮ ನಕ್ಕಿದ್ದಳು. "ನೀ ಸತ್ರ ಬಾಣಂತನ ಯಾರು ಮಾಡ್ಯಾರು?" ಎಂದವಳೇ ತತ್ತಿ ಕಟ್ಟಿಕೊಂಡು ಹೊರಟುಹೋಗಿದ್ದಳು.

ಎಂಟು ದಿನ ಕಳೆದಿರಬೇಕು. ಹಿತ್ತಲ ವಾಡೆಯೊಳಗಿಂದ ಕೋಳಿಯೊಂದು ಊರಿಗೆಲ್ಲ ಸುದ್ದಿ ಹೇಳುವಂತೆ ಕೂಗುತ್ತ ಹೊರಬಂತು. ಕನಕಮ್ಮ ಕೈ ಹಾಕಿ ನೋಡಿದರೆ ತತ್ತಿ! ಬೆಚ್ಚಗಿನದೊಂದು, ಒಳಗೆ ತಣ್ಣಗಿನದೊಂದು. ಅವಳು ನೇರ ಒಳಗಿನ ದೇವರ ಜಗಲಿಗೆ ಹೋಗಿ ಬೀರಪ್ಪನ ಮುಂದೆ ಅಡ್ಡಬಿದ್ದಳು. "ಅಪ್ಪಾ, ಕೇಳಲಾರದಾಕಿಗೆ ಕೇಳದಂಗ ಕೊಟ್ಟಿ."

ದೇವರು ಒಮ್ಮೆ ಕೊಟ್ಟದ್ದನ್ನು ಎರಡನೇ ಸಲ ಯಾರು ಕೊಟ್ಟರೆಂದು ಕೇಳುವ ಎದೆ ಯಾರಿಗಿದ್ದೀತು? ಹುಲಿಗೆಮ್ಮನ ಮೈ ತುಂಬಿತು. ಅವಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋದಳು. ಕೋಳಿ ಬರುವುದನ್ನು ಬಿಡಲಿಲ್ಲ. ಕನಕಮ್ಮ ಕೈ ಹಾಕುವುದನ್ನು ಬಿಡಲಿಲ್ಲ. ತಾಯಿಕೋಳಿ ಹೋಗಿ ಮರಿಗಳು ಹೇಂಟೆಯಾದವು, ಅವೂ ಅದೇ ದಾರಿ ಹಿಡಿದವು. ಬೇಲಿಯಾಚೆ ಸೌಭಾಗ್ಯ ತಲೆ ಚಚ್ಚಿಕೊಳ್ಳುವುದು ದಿನವೂ ಕೇಳಿಸುತ್ತಿತ್ತು.

"ಅತ್ತೀ, ಈ ದರಿದ್ರದವು ಮಾರಿ ಫಾರಂ ಮರಿ ತರಾನು. ದಿನಾ ಒಂದು ತತ್ತಿ ಇಡತಾವಂತ."

"ಇವೂ ಇಡತಾವ ತಗಾ. ಎಲ್ಲಿ ಇಡಬೇಕೋ ಅಲ್ಲಿ ಇಡತಾವ."

"ಎಲ್ಲಿ ಇಟ್ಟಾವ ತೋರಿಸು ನೋಡಾನು!"

"ನಾ ಸಾಕಾಕಿ, ಅಷ್ಟ. ಇಡಸಾವ ಮೈಲಾರಲಿಂಗ," ಎನ್ನುತ್ತಿದ್ದಳು ಮೈಲಮ್ಮ. ಅಂಗೈಯಗಲದ ಹಿತ್ತಲು, ಉಪ್ಪಿನಂಶದ ಬೋರಿನ ನೀರು, ಎಷ್ಟು ಗೊಬ್ಬರ ಹಾಕಿದರೂ ಮುಷ್ಟಿಯಷ್ಟೇ ಕಾಯಿ. ಆದರೂ ಅವಳ ದನಿ ಹೊಲದ ತುಂಬ ತೆನೆ ನಿಂತವರ ದನಿ.

ಈ ಯುಗಾದಿಯ ಹಿಂದಿನ ದಿನ ನೀಲಿ ಸುಣ್ಣದ ಕೈಯಲ್ಲೇ ಬೇಲಿಗೆ ಬಂದು ಕರೆದಿದ್ದಳು. "ಕನಕಿ, ಸುಣ್ಣ ಉಳದೈತಿ. ನಿನ್ನ ಹಿತ್ತಲದಾಗ ಏನಾರ ಬಳಿಯೋದು ಐತೇನು?"

"ಏನಿಲ್ಲಕ್ಕ, ಏನೇನೂ ಇಲ್ಲ," ಎಂದು ಕನಕಮ್ಮ ವಾಡೆಗೆ ಅಡ್ಡ ನಿಂತಿದ್ದಳು. ಮೈಲಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ಹಲ್ಲಿಲ್ಲದ ಬಾಯಲ್ಲಿ ನಕ್ಕು, ತಿರುಗಿ ಹೋಗಿದ್ದಳು.

*

"ಎಲ್ಲಾರೂ ಹಾಡ್ಯಾಡಿ ಅತ್ತರು. ನೀನೊಬ್ಬಾಕಿ ಉಳದಿ ಕನಕವ್ವ," ಹಿರಿಯಳೊಬ್ಬಳು ರಟ್ಟೆ ಹಿಡಿದು ಮುಂದೆ ತಂದಳು. "ಮೂವತ್ತು ವರ್ಷದ ಬೇಲಿ. ಬಾ, ಎರಡು ಮಾತು ಹೇಳು."

ಈ ಸೀಮೆಯ ಹೆಂಗಸರು ಬರಿದೇ ಅಳುವುದಿಲ್ಲ, ಹಾಡಿ ಅಳುತ್ತಾರೆ. ಸತ್ತವರ ಮುಂದೆ ಕೂತು ಅವರ ಬಾಳನ್ನು ಸಾಲುಸಾಲಾಗಿ ಎಳೆದು ಹೇಳುತ್ತಾರೆ. ಹಾಗೆ ಹಾಡುವಾಗ ಸುಳ್ಳು ಬೆರೆಸಿದರೆ ಹೆಣ ಹೊರುವವರ ಹೆಗಲಿಗೆ ಭಾರವಾಗುತ್ತದೆ ಎಂದು ಕನಕಮ್ಮನ ತಾಯಿ ಹೇಳುತ್ತಿದ್ದಳು. ಕನಕಮ್ಮ ಮೈಲಮ್ಮನ ಎದುರು ಕೂತಳು. ತಣ್ಣಗಾದ ಕೈ ಹಿಡಿದಳು. ಉಗುರಿನ ಸಂದಿಯಲ್ಲಿ ಪಾತಿಯ ಮಣ್ಣು ಇನ್ನೂ ಹಸಿಯಾಗಿತ್ತು.

ಮೊದಲ ಸಾಲು ಎಲ್ಲರೂ ಹೇಳುವಂಥದೇ.

"ನನ್ನಕ್ಕಾ, ಬೇಲಿಯಂಚಿನ ನನ್ನವ್ವಾ..."

ಎರಡನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೂಲೆಯ ಬುಟ್ಟಿಯೊಳಗಿಂದ ಕೋಳಿಯೊಂದು ಕೊಕ್ ಎಂದಿತು. ಕನಕಮ್ಮ ಕಣ್ಣು ಮುಚ್ಚಿ ಬೀರಪ್ಪನನ್ನು ನೆನೆದು ದನಿ ತೆಗೆದಳು.

"ನೀ ಹಚ್ಚಿದ ಹೀರಿ ನನ್ನ ಹಿತ್ತಲದಾಗ ಕಾಯಾತವ್ವಾ,
ಗೊಡ್ಡು ಗೊಡ್ಡಂತ ನಿನ್ನ ಕೋಳಿಗೆ ಹೆಸರಿಟ್ಟರಲ್ಲವ್ವಾ,
ಗೊಡ್ಡಲ್ಲವ್ವಾ, ಅವು ಗೊಡ್ಡಲ್ಲಾ,
ನನ್ನ ವಾಡೇದಾಗ ಇಟ್ಟಾವವ್ವಾ, ನಾ ಎತ್ತಿಕೊಂಡೆನವ್ವಾ,
ನನ್ನ ಹುಲಿಗಿ ಬಾಣಂತನ ನಿನ್ನ ತತ್ತಿ ಮ್ಯಾಲೆ ಆತವ್ವಾ,
ಹನ್ನೊಂದು ವರ್ಷ ಉಂಡ ಬಾಯಿ ಮುಚಗೊಂಡೆನವ್ವಾ,
ನಿನ್ನ ಕೈಗುಣ ಕೆಟ್ಟದ್ದಲ್ಲಾ, ಕೆಟ್ಟದ್ದು ನನ್ನ ಕೈಯವ್ವಾ..."

ಹಲಗೆ ಬಾರಿಸುವವನ ಕೋಲು ಗಾಳಿಯಲ್ಲೇ ನಿಂತಿತು. "ಏನಂದ್ಲು? ಏನಂದ್ಲು?" ಎಂದು ಹಿಂದಿನವರು ಮುಂದಿನವರನ್ನು ಕೇಳಿದರು. ಓಬಣ್ಣನ ಬಾಯಲ್ಲಿ ಎಲೆ ಹಾಗೇ ಉಳಿಯಿತು. ಸೌಭಾಗ್ಯ ಮಾತ್ರ ಅಳು ನಿಲ್ಲಿಸಿ, ರೆಪ್ಪೆ ಬಡಿಯದೆ ಕನಕಮ್ಮನನ್ನೇ ನೋಡಿದಳು.

ಕರಿಸಿದ್ದಪ್ಪ ಜಪ ಮುಗಿಸಿ ತಲೆಯೆತ್ತಿದ.

"ಬೀರಲಿಂಗೇಶ, ಬುಟ್ಟಿ ಎತ್ತಪ್ಪ. ತತ್ತಿ ಇಡೋ ಹ್ಯಾಂಟಿ ಕೊಯ್ದು ಎಡಿ ಇಟ್ರ ನಿಮ್ಮವ್ವ ಉಣ್ಣಂಗಿಲ್ಲ."

ಬೀರಲಿಂಗೇಶ್ ಏಳುವ ಮೊದಲೇ ಓಬಣ್ಣ ಹೋಗಿ ಕಲ್ಲು ಸರಿಸಿ ಬುಟ್ಟಿ ಎತ್ತಿದ. ಐದು ಹೇಂಟೆಗಳು ಮೈ ಕೊಡವಿಕೊಂಡವು. ಅಂಗಳದ ತುಂಬ ಜನ, ಹಲಗೆ, ಹೂವಿನ ರಾಶಿ. ಅವು ಯಾವುದನ್ನೂ ಲೆಕ್ಕಿಸಲಿಲ್ಲ. ಕೆಂಪು ಹೇಂಟೆ ಮುಂದೆ, ಉಳಿದವು ಹಿಂದೆ, ಜಾತ್ರೆಗೆ ಹೊರಟವರಂತೆ ಸಾಲಾಗಿ ನಡೆದು, ಬೇಲಿಯ ಕೆಳಗಿನ ಸಂದಿಯಲ್ಲಿ ನುಸುಳಿ ಕನಕಮ್ಮನ ಹಿತ್ತಲಿಗೆ ಇಳಿದವು.

ಇಡೀ ಅಂಗಳ ನೋಡಿತು. ಯಾರೋ ಕಿಸಕ್ಕೆಂದರು. ಆಮೇಲೆ ಅಳುತ್ತಿದ್ದವರಿಗೂ ತಡೆಯಲಾಗಲಿಲ್ಲ.

"ಹಂಗಾರ ನಮ್ಮತ್ತಿಗಿಗೆ ಕೈಗುಣ ಇತ್ತು," ಓಬಣ್ಣ ಕೈಮುಗಿದು ಹೆಣದ ಕಡೆ ತಿರುಗಿದ. "ತಪ್ಪಾತವ್ವ. ಇಷ್ಟು ದಿನ ಬಾಯಿಗೆ ಬಂದಂಗ ಆಡೀನಿ. ಹೊಟ್ಟ್ಯಾಗ ಹಾಕ್ಕ."

ಮೈಲಮ್ಮನನ್ನು ಹೊತ್ತಾಗ ಹಗುರವಾಗಿದ್ದಳೋ ಭಾರವಾಗಿದ್ದಳೋ, ಹೊತ್ತವರು ಹೇಳಲಿಲ್ಲ. ಅವರ ಹೆಜ್ಜೆ ಮಾತ್ರ ಎಲ್ಲೂ ತಡೆಯಲಿಲ್ಲ.

*

ಮಣ್ಣು ಮುಗಿಸಿ, ಮಿಂದು, ದೀಪ ನೋಡಿಕೊಂಡು ಜನ ಚದುರಿದರು. ಬಿಸಿಲು ಇಳಿಯುತ್ತಿತ್ತು. ಕನಕಮ್ಮ ಅನ್ನ ಸಾರು ಮಾಡಿ ಸಾವಿನ ಮನೆಗೆ ಕಳಿಸಿದ್ದಳು. ತಾನು ಹೋಗಿರಲಿಲ್ಲ. ಪಾತ್ರೆ ಬರಿದಾಗಿ ವಾಪಸು ಬರುತ್ತದೋ, ಅನ್ನ ಸಮೇತ ಬರುತ್ತದೋ ಎಂದು ಹಿತ್ತಲ ಬಾಗಿಲಲ್ಲಿ ಕೂತಿದ್ದಳು.

ಪಾತ್ರೆ ಬಂತು. ಬರಿದಾಗಿತ್ತು, ತೊಳೆದು ಬೆಳಗಿತ್ತು. ತಂದವಳು ಸೌಭಾಗ್ಯ.

"ಎಲ್ಲೈತಿ ಚಿಗವ್ವ? ತೋರಿಸು."

ಕನಕಮ್ಮ ವಾಡೆಯ ಬಳಿಗೆ ಹೋಗಿ ಮೊಣಕಾಲೂರಿದಳು. ಕೈ ಹಾಕಿ ಬೆಳಗಿನ ಎರಡನ್ನೂ ತೆಗೆದು ಸೌಭಾಗ್ಯಳ ಸೆರಗಿಗೆ ಹಾಕಿದಳು.

"ಇನ್ನೊಂದೈತಿ. ಅದನ್ನ ನಾ ಯಾವತ್ತೂ ತಗದಿಲ್ಲ. ಕೊಳತಿರತತಿ, ಹುಷಾರು. ಇರಲಿ, ಇವತ್ತು ಎಲ್ಲಾ ನಿಮ್ಮದು ನಿಮಗ."

ತೀರ ಒಳಗೆ ಚಾಚಿ, ಒಡೆದೀತೆಂದು ನಾಲ್ಕೂ ಬೆರಳಲ್ಲಿ ಮೆಲ್ಲಗೆ ಹಿಡಿದು, ತಣ್ಣನೆಯದನ್ನು ಬೆಳಕಿಗೆ ತಂದಳು. ಕೈಗೆ ಭಾರ ತಾಗಿತು. ತತ್ತಿಯಲ್ಲ. ಹಳ್ಳದ ನುಣುಪುಗಲ್ಲು, ಗಾತ್ರ, ಆಕಾರ ಎಲ್ಲ ತತ್ತಿಯದೇ. ಕನಕಮ್ಮ ತಿರುಗಿಸಿ ತಿರುಗಿಸಿ ನೋಡಿದಳು.

"ಇದು ನಮ್ಮತ್ತಿದು," ಸೌಭಾಗ್ಯಳ ದನಿ ಇಳಿಯಿತು. "ನಾ ಮದುವ್ಯಾಗಿ ಬಂದಾಗ ನಮ್ಮ ಕೋಳಿಗೂಡಿನ್ಯಾಗ ಇತ್ತು. ಹಗರಿ ಹಳ್ಳದಾಗ ಆರಿಸಿ ತಂದಿದ್ಲಂತ. ಕೋಳಿ ಇದನ್ನ ನೋಡಿ ತತ್ತಿ ಅಂತ ನಂಬಿ ಅಲ್ಲೇ ಬಂದು ಇಡತಾವಂತ. ಆಮ್ಯಾಲೆ ಒಂದಿನ ಕಾಣಲಿಲ್ಲ. ಕೇಳಿದ್ರ ಕಳದೈತಿ ಅಂದ್ಲು."

ಕನಕಮ್ಮ ತನ್ನ ಬೆರಳುಗಳನ್ನು ನೋಡುತ್ತಿದ್ದಳು. ಕಲ್ಲಿಗೆ ಸುಣ್ಣ ಬಳಿದಿತ್ತು. ಹಳೆಯ ಪದರದ ಮೇಲೆ ಪದರ, ಅಲ್ಲಲ್ಲಿ ಕಿತ್ತ ಕಡೆ ವರ್ಷ ವರ್ಷದ ಬಿಳುಪು. ಎಲ್ಲಕ್ಕೂ ಮೇಲಿನದು ಬೆರಳಿಗೆ ಅಂಟಿತ್ತು.

ಅದು ತಿಳಿನೀಲಿ.

ಇಬ್ಬರೂ ಒಟ್ಟಿಗೇ ಬೇಲಿಯಾಚೆಯ ಗೋಡೆಯ ಕಡೆ ನೋಡಿದರು.

"ನನಗ ಒಂದು ತತ್ತಿ ಸಾರು ಮಾಡಾಕ ಬಿಡತಿರಲಿಲ್ಲ ಮುದುಕಿ," ಸೌಭಾಗ್ಯ ನಗುತ್ತಿದ್ದಳೋ ಅಳುತ್ತಿದ್ದಳೋ. "ನಾ ದಿನಾ ಕೋಳಿಗೆ ಬೈದು ಸತ್ತೆ."

ಕನಕಮ್ಮ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಚಾಚಿದಳು. "ಒಯ್ಯವ್ವ. ನಿಮ್ಮ ಗೂಡಿನ್ಯಾಗ ಇಡು. ಅಲ್ಲಿಗೇ ಬರತಾವ."

ಸೌಭಾಗ್ಯ ಕಲ್ಲು ತೆಗೆದುಕೊಂಡಳು. ಸೆರಗಿನ ಎರಡು ತತ್ತಿ ಬಿಗಿಯಾಗಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೂರನೇ ದಿನದ ಎಡಿಗೆ ಇವೆರಡು ಸಾಕು," ಎಂದಳು. ಆಮೇಲೆ ವಾಡೆಯ ಮುಂದೆ ಕೂತು, ಬಳೆ ಮೇಲೇರಿಸಿ, ಕಲ್ಲು ಹಿಡಿದ ಕೈಯನ್ನು ಹೆಗಲವರೆಗೆ ಒಳಗೆ ತೂರಿಸಿದಳು. ಒಳಗೆಲ್ಲೋ ಮಣ್ಣಿಗೆ ಕಲ್ಲು ತಾಗಿದ ಸಣ್ಣ ಸದ್ದಾಯಿತು.

ಬೇಲಿಗೂಟದ ಮೇಲೆ ಕೆಂಪು ಹೇಂಟೆ ಬಂದು ಕೂತಿತ್ತು. ಕತ್ತು ಓರೆ ಮಾಡಿ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡುತ್ತ, ಇಬ್ಬರೂ ಯಾವಾಗ ಎದ್ದು ಜಾಗ ಬಿಡುತ್ತಾರೋ ಎಂದು ಕಾಯುತ್ತಿತ್ತು.